ಕೆಟ್ಟವನ ಪಾರ್ಟು

(ಮಾನ್ವಿ ತಾಲ್ಲೂಕಿನ ಹಿರೇಕೊಟ್ನೆಕಲ್. ರಾತ್ರಿ ಊಟ ಮುಗಿದಿದೆ. ಮನೆಯ ಮುಂದಿನ ಕಟ್ಟೆಯ ಮೇಲೆ ಇಬ್ಬರು ಕೂತಿದ್ದಾರೆ. ಒಬ್ಬರು ನಲವತ್ತು ವರ್ಷ ಸುತ್ತಲಿನ ಊರುಗಳ ನಾಟಕದಲ್ಲಿ ಖಳನ ಪಾರ್ಟು ಮಾಡಿ, ಈಗ ಹಲ್ಲು ಬಿದ್ದ ಮೇಲೆ ಹುಡುಗರಿಗೆ ತಾಲೀಮು ಕೊಡುವವರು. ಇನ್ನೊಬ್ಬಳು ಅವರ ತಂಗಿಯ ಮಗಳು, ರಾಯಚೂರಿನಲ್ಲಿ ಕಾಲೇಜು ಹುಡುಗರಿಗೆ ಕನ್ನಡ ಕಲಿಸುವವಳು.)

ಸೊಸಿ: ಮಾಮಾ, ಮೊನ್ನೆ ಕ್ಲಾಸಿನಾಗ ಹುಡುಗರಿಗೆ ಒಂದು ಕೆಲಸ ಕೊಟ್ಟಿದ್ದೆ. ನೀವು ನೋಡಿದ ಸಿನಿಮಾದಾಗ ಮರೀಲಾರದ ಒಂದು ಪಾತ್ರದ ಹೆಸರು ಬರೀರಿ ಅಂತ. ಚೀಟಿ ಬಿಚ್ಚಿ ನೋಡಿದ್ರ ಅರ್ಧಕ್ಕರ್ಧ ವಿಲನ್‌ಗಳೇ. ಹುಡುಗ್ಯಾರೂ ಕಡಿಮಿ ಇಲ್ಲ, ಒಬ್ಬಾಕಿ ಗರುಡ ಅಂತ ಬರದಿದ್ದಳು. ಕೆಜಿಎಫ್‌ದಾಗ ಬರ್ತಾನಲ್ಲ, ಅವ.

ಮಾವ: ಅದರಾಗೇನು ಸೋಜಿಗವಾ? ಶೋಲೆದಾಗ ಅಮಿತಾಭ, ಧರ್ಮೇಂದ್ರ ಏನಂತ ಹೆಸರಿಟ್ಕೊಂಡಿದ್ರು ಅಂತ ಕೇಳಿದ್ರ ನನಗ ತಟ್ಟನ ಬಾಯಿಗೆ ಬರಂಗಿಲ್ಲ. ಗಬ್ಬರ್ ಸಿಂಗ ಅನ್ನು, ದನ ಕಾಯೋ ಹುಡುಗನೂ ಹೇಳ್ತಾನ. ಹೀರೋ ಅಂದ್ರ ನಟ, ಅವಗ ಬ್ಯಾರೆ ಹೆಸರು ಯಾಕ ಬೇಕು? ರಾಜಕುಮಾರ್‌ಗ ಅಣ್ಣಾವ್ರು ಅಂದ್ರ ಮುಗೀತು. ವಿಲನ್‌ಗ ಮಾತ್ರ ಪಾತ್ರ ಅಂತ ಒಂದು ಇರತೈತಿ.

ಸೊಸಿ: ಗಬ್ಬರನ್ನ ತಗದದ್ದು ನಮ್ಮ ರಾಮನಗರದ ಗುಡ್ಡದಾಗ. ಸಿನಿಮಾ ಬಂದದ್ದು 1975ರಾಗ. ಆಮ್ಯಾಲ ಅಮ್ಜದ್ ಖಾನ್ ಅದೇ ಗಬ್ಬರನ ವೇಷದಾಗ ಬ್ರಿಟಾನಿಯಾ ಗ್ಲೂಕೋಸ್ ಬಿಸ್ಕೀಟಿನ ಜಾಹೀರಾತಿಗೆ ನಿಂತ. ಕೂಸುಗಳು ಅಳೋದು ಬಿಡಬೇಕಂದ್ರ ಅವನ ಹೆಸರು ಹೇಳಬೇಕು ಅನ್ನೋ ಡಕಾಯಿತ ಅಂವ. ಅಂಥವನ ಕೈಲೆ ಕೂಸುಗಳಿಗೆ ಬಿಸ್ಕೀಟು ಮಾರಿಸಿದ್ರು! ಠಾಕೂರನ್ನ ಯಾರೂ ಕರೀಲಿಲ್ಲ.

ಮಾವ: ಠಾಕೂರಗ ಕೈ ಎಲ್ಲ್ಯದಾವವಾ, ಬಿಸ್ಕೀಟು ಹಿಡಿಯಾಕ!

ಸೊಸಿ: ಥೂ ಮಾಮಾ! ನಾ ಖರೇನ ಕೇಳಾಕತ್ತೀನಿ. ಮಂದಿಗೆ ಕೆಟ್ಟತನ ಅಂದ್ರ ಇಷ್ಟನಾ?

ಮಾವ: ಇಲ್ಲ. ನಮ್ಮ ಓಣ್ಯಾಗ ಒಂದು ಕೋಳಿ ಕಳುವಾದ್ರ ಮೂರು ದಿನ ನಿಂತು ಬೈತಾರ. ಕೆಟ್ಟತನ ಯಾರಿಗೂ ಬ್ಯಾಡ. ನೀ ದೊಡ್ಡಾಟ ನೋಡಿಯಲ್ಲ?

ಸೊಸಿ: ಸಣ್ಣಾಕಿದ್ದಾಗ. ಅವ್ವನ ತೊಡಿ ಮ್ಯಾಲ ನಿದ್ದಿ ಹತ್ತಿರತಿತ್ತು. ರಾಕ್ಷಸ ಬಂದಾಗ ಅವ್ವ ಎಬ್ಬಿಸ್ತಿದ್ದಳು.

ಮಾವ: ಹಾಂ! ನಿನ್ನ ಪ್ರಶ್ನಿಗೆ ನಿಮ್ಮವ್ವ ಅವತ್ತೇ ಉತ್ತರ ಕೊಟ್ಟಾಳ. ರಾಮ ಬಂದ, ಏಳು ಅಂತ ಯಾವ ತಾಯಿನೂ ಕೂಸಿನ್ನ ಎಬ್ಬಿಸಂಗಿಲ್ಲ. ರಾವಣ ಬಂದ ಅಂದ್ರ ಎಬ್ಬಿಸ್ತಾಳ. ಇಬ್ಬರು ಪರದಿ ಹಿಡಕೊಂಡು ನಿಂತಿರ್ತಾರ. ಹಿಂದ ಗೆಜ್ಜಿ ಸಪ್ಪಳ. ಮದ್ದಳಿ ಏರಾಕತ್ತತೈತಿ. ಪರದಿ ಮ್ಯಾಲ ಕಿರೀಟದ ತುದಿ ಅಷ್ಟ ಕಾಣತೈತಿ, ಕಟಗಿಯ ಭುಜಕೀರ್ತಿ ಅಂಚು ಒಂದೀಟು ಇಣಿಕತೈತಿ. ಅವ ಇನ್ನಾ ಮಾರಿ ತೋರಿಸಿಲ್ಲ, ಮುಂದ ಕುಂತ ಹೆಣ್ಮಕ್ಕಳು ಆಗಲೇ ಸೆರಗು ಬಿಗಿ ಮಾಡ್ಕೊಂಡಿರ್ತಾರ. ಪರದಿ ಸರೀತಂದ್ರ ಸಾರಥಿ ಬಂದು ಕೇಳ್ತಾನ, ತಾವ್ಯಾರು, ಯಾವ ದೇಶದವರು, ಇಲ್ಲಿಗೆ ಬಂದ ಕಾರಣ ಏನು ಅಂತ. ಇದನ್ನ ಎಲ್ಲಾ ಪಾತ್ರಕ್ಕೂ ಕೇಳ್ತಾನ. ರಾಮನೂ ಹೇಳ್ತಾನ: ನಾ ದಶರಥನ ಮಗ, ಅಪ್ಪನ ಮಾತಿಗೆ ಕಾಡಿಗೆ ಬಂದೀನಿ. ತನಗ ಏನು ಬೇಕು ಅಂತ ಅದರಾಗ ಎಲ್ಲೈತಿ? ಅಪ್ಪಗ ಬೇಕಾದದ್ದು, ಊರಿಗೆ ಬೇಕಾದದ್ದು ಅಷ್ಟ. ರಾವಣ ಹಂಗಲ್ಲ. ನನಗ ಬೇಕು ಅಂತಾನ. ಸಾವಿರ ಮಂದಿ ಮುಂದ, ಎದಿ ಬಡ್ಕೊಂಡು, ಬೇಕು ಅಂತಾನ.

ಸೊಸಿ: ಅಂದ್ರ ಮಂದಿ ಮೆಚ್ಚೋದು ಆ ‘ಬೇಕು’ ಅನ್ನೋ ಮಾತಿಗೆ ಅಂತೀಯೇನು?

ಮಾವ: ನೀನೇ ವಿಚಾರ ಮಾಡು. ನಮ್ಮ ಕಡೆ ಅಣ್ಣತಮ್ಮರು ಪಾಲು ಮಾಡ್ಕೊಳ್ಳೋದು ನೋಡಿಯಲ್ಲ. ಹಿರೇರು ಕುಂತಿರ್ತಾರ. ಒಬ್ಬೊಬ್ಬರನ್ನ ಕೇಳ್ತಾರ, ನಿನಗ್ಯಾವುದು ಬೇಕಪಾ? ‘ನನಗೇನು ಬ್ಯಾಡ್ರಿ, ನೀವು ಕೊಟ್ಟಂಗ’ ಅಂತಾನ. ಕಣ್ಣು ಮಾತ್ರ ಎಡದಂಡೆ ಕಾಲುವಿ ನೀರು ಹಾಯೋ ಹೊಲದ ಮ್ಯಾಲ ಇರತೈತಿ. ಮಳಿ ನಂಬಿದ ಹೊಲ ತಮ್ಮಗ ಹೋಗಲಿ ಅಂತ ಒಳಗ ಬೇಡ್ಕೋತಿರ್ತಾನ. ಬಾಯಿ ಬಿಟ್ಟು ಹೇಳಿದ್ರ ಆಸೆಬುರುಕ ಅಂತಾರ. ಹುಟ್ಟಿದಾಗಿಂದ ಸಾಯೋತನ ನಮ್ಮ ಮಂದಿ ‘ಬ್ಯಾಡ’ ಅಂತನ ಅಂದಿರ್ತಾರ. ಅಂಥವರ ಮುಂದ ಒಬ್ಬ ಹತ್ತು ತಲಿಯಾವ ಬಂದು ಇದು ನನಗ ಬೇಕು, ಯಾರು ತಡೀತೀರಿ ನೋಡ್ತೀನಿ ಅಂತ ಕುಣಿದ್ರ ಹೆಂಗನಿಸಬೇಕು? ಕಡಿಗೆ ಅವ ಸಾಯ್ತಾನ ಅಂತ ಎಲ್ಲರಿಗೂ ಗೊತ್ತೈತಿ. ಅದಕ್ಕ ಅಂಜಿಕಿ ಇಲ್ಲ. ಬೆಳಕು ಹರಿಯೋತನ ಅವನ ಜೋಡಿ ಆಸಿ ಪಟ್ಟು, ಅವ ಸತ್ತ ಕೂಡಲೇ ಸೆಗಣಿ ಬಳಿಯಾಕ ಮನಿಗೆ ಹೋಗ್ತಾರ.

ಸೊಸಿ: ಇದಕ್ಕ ತಿರುವು ಮುರುವು ಒಂದು ಹೇಳ್ತೀನಿ. ನಮ್ಮಪ್ಪ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿ ಗಂಟು ಕಟ್ಟಿ ಅಟ್ಟದ ಮ್ಯಾಲ ಇಟ್ಟಿದ್ದ. ಸೂಟಿಯಾಗ ಅವನ್ನ ಒಂದೂ ಬಿಡದಂಗ ಓದೀನಿ. ಪತ್ತೇದಾರ ಪುರುಷೋತ್ತಮ ಇವತ್ತಿಗೂ ಕಣ್ಣ ಮುಂದ ಅದಾನ. ಕೊಲಿ ಮಾಡಿದವ ಒಬ್ಬನೂ ನೆನಪಿಲ್ಲ.

ಮಾವ: ಹೆಂಗ ನೆನಪಿರ್ತಾನ? ಕಡೇ ಹಾಳಿ ತನಕ ಅಡಗಿ ಕುಂತಿರ್ತಾನ. ಅಡಗಿದವ ಕಳ್ಳ, ಖಳ ಅಲ್ಲ. ಖಳ ಅಂದ್ರ ಮುಂಬಾಗಿಲಿಂದ ಬರಬೇಕು.

ಸೊಸಿ: ಮಾಮಾ, ನಿನಗ ಈ ಪಾರ್ಟು ಹೆಂಗ ಬಂತು? ಅವ್ವ ಹೇಳ್ತಾಳ, ಹೀರೋ ಆಗಬೇಕಂತ ಬಾಳ ಆಸಿ ಇತ್ತಂತಲ್ಲ ನಿನಗ.

ಮಾವ: ರೊಕ್ಕಿಲ್ಲದ್ದಕ್ಕ ಬಂತು. ಊರ ನಾಟಕ ಅಂದ್ರ ಖರ್ಚು ಪಾರ್ಟಿನ ಮ್ಯಾಲ ಹಂಚ್ತಾರ. ಪೇಟಿ ಮಾಸ್ತರಗ ಕೊಡಬೇಕು, ಸೀನರಿ ಬಾಡಿಗಿ ಕೊಡಬೇಕು, ಹೆಣ್ಣು ಪಾರ್ಟಿನವರನ್ನ ಹೊರಗಿಂದ ಕರಸಬೇಕು, ಅವರ ಊಟ, ಹಾದಿ ಖರ್ಚು. ನಾ ಮೊದಲನೇ ಸಲ ಬಣ್ಣ ಹಚ್ಚಿದಾಗ ಹೀರೋ ಪಾರ್ಟಿಗೆ ನೂರಾ ಐವತ್ತು, ವಿಲನ್‌ಗ ಅರವತ್ತು. ಹೀರೋಯಿನ್ ಜೋಡಿ ಎರಡು ಹಾಡು ಇರ್ತಾವಲ್ಲ, ಅದಕ್ಕ ಹೆಚ್ಚು. ಹಂಗಾಗಿ ಹೊಲಮನಿ ಇದ್ದವರ ಮಕ್ಕಳು ಬಡ ರೈತನ ಮಗನ ಪಾರ್ಟು ಮಾಡ್ತಿದ್ರು, ಬಡವರ ಮಗ ನಾ ಸಾಹುಕಾರನ ಪಾರ್ಟು. ಅವ ಸ್ಟೇಜಿನ ಮ್ಯಾಲ ಹರಕು ಅಂಗಿ ಹಾಕ್ಕೊಂಡು ನ್ಯಾಯ ಕೇಳೋನು. ನಾಟಕ ಮುಗಿದ ಮ್ಯಾಲ ಅವ ಮೋಟರ್‌ಸೈಕಲ್ ಮ್ಯಾಲ, ನಾ ನಡಕೋತ.

ಸೊಸಿ: ಇದು ನಾ ಎಲ್ಲೂ ಓದಿಲ್ಲ.

ಮಾವ: ಎಲ್ಲಿ ಬರೀತಾರವಾ ಇದನ್ನ. ಇನ್ನೊಂದು ಕೇಳು. ಊರ ಹೆಸರು ಬ್ಯಾಡ, ಅವರ ಮೊಮ್ಮಕ್ಕಳು ಈಗ ಒಳ್ಳೇರದಾರ. ಅಲ್ಲೊಬ್ಬ ಬಡ್ಡಿ ಸಾಹುಕಾರ ಇದ್ದ. ಅವನ ಹೊಲಕ್ಕ ನಾ ಹತ್ತಿ ಬಿಡಿಸಾಕ ಹೋಗೀನಿ. ಮಾತಾಡೋ ಮುಂದ ಗಂಟಲು ಎರಡು ಸಲ ಕ್ಯಾಕರಿಸೋದು, ಎಡಗೈಲೆ ಧೋತರದ ಚುಂಗು ಎತ್ತಿ ಹಿಡಿಯೋದು, ಸಾಲ ಕೇಳಾಕ ಬಂದವಗ ಮೊದಲ ನಿಮ್ಮ ಎತ್ತು ಹೆಂಗದಾವಪಾ ಅಂತ ಕೇಳೋದು. ಅವನ ಊರಾಗ ಜಾತ್ರಿಗೆ ನಾಟಕ. ನನ್ನದು ಸಾಹುಕಾರನ ಪಾರ್ಟು. ನನಗೇನು ಹೊಳೀತೋ, ಅವನ್ನೇ ಮಾಡಿದೆ. ಗಂಟಲು ಎರಡು ಸಲ. ಚುಂಗು. ಎತ್ತು ಹೆಂಗದಾವಪಾ. ಮಂದಿ ಒಂದು ಕ್ಷಣ ಗಪ್ಪಾತು. ಆಮ್ಯಾಲ ನಕ್ಕರು ನೋಡು! ನಕ್ಕು ನಕ್ಕು ಒಬ್ಬರ ಮ್ಯಾಲ ಒಬ್ಬರು ಬಿದ್ದರು. ಸಾಹುಕಾರ ಮುಂದೇ ಕುರ್ಚಿ ಮ್ಯಾಲ ಕುಂತಾನ. ನನ್ನ ಕಾಲು ನಡಗಾಕತ್ತಿದ್ವು. ಎಲ್ಲಾರಿಗಿಂತ ಹೆಚ್ಚು ನಕ್ಕವ ಅವನೇ. ಮ್ಯಾಲ ಬಂದು ಹನ್ನೊಂದು ರೂಪಾಯಿ ಆಯೇರಿ ಮಾಡಿ, ಮೈಕಿನಾಗ ಹೇಳಿದ: ಇಂಥಾ ಹಲ್ಕಟ್ ಸಾಹುಕಾರನ್ನ ನಾ ನನ್ನ ಜೀವಮಾನದಾಗ ನೋಡಿಲ್ಲ, ಹುಡುಗ ಬಾಳ ಚಂದ ಮಾಡ್ಯಾನ.

ಸೊಸಿ: ಅಯ್ಯ! ಗುರುತೇ ಹಿಡೀಲಿಲ್ಲೇನು ತನ್ನನ್ನ?

ಮಾವ: ಹಿಡೀಲಿಲ್ಲ. ಮರುದಿನ ಮುಂಜಾನೆ ಕೂಲಿ ಲೆಕ್ಕ ಮಾಡೋವಾಗ ಎರಡು ರೂಪಾಯಿ ಮುರಕೊಂಡ.

ಸೊಸಿ: ‘ಭೂತಯ್ಯನ ಮಗ ಅಯ್ಯು’ ನೆನಪಾತು. ಗೊರೂರರ ಕತಿ, ಸಿದ್ದಲಿಂಗಯ್ಯ 1974ರಾಗ ಸಿನಿಮಾ ಮಾಡಿದ್ರು. ಭೂತಯ್ಯ ಸತ್ತ ಮ್ಯಾಲ ಹೆಣಾ ಎತ್ತಾಕ ಊರಾಗಿನ ಒಬ್ಬನೂ ಬರಂಗಿಲ್ಲ.

ಮಾವ: ಎಂ.ಪಿ. ಶಂಕರ್ ಮಾಡಿದ್ರು ಆ ಪಾರ್ಟು. ಚಲೋ ಸಿನಿಮಾ. ಆದರ ನಾ ಹೇಳಿದ ಸಾಹುಕಾರ ಸತ್ತಾಗ ಊರಿಗೆ ಊರೇ ಹೆಗಲು ಕೊಟ್ಟಿತು. ನಾನೂ ಕೊಟ್ಟೀನಿ. ಸಾಲದ ಪತ್ರ ಅವನ ಪೆಟ್ಟಿಗ್ಯಾಗ ಇತ್ತಲ್ಲ.

ಸೊಸಿ: ನಮ್ಮ ಹಳೇ ಕವಿಗಳು ಈ ಆಟ ಬಾಳ ಹಿಂದೆ ಆಡ್ಯಾರ ಮಾಮಾ. ರನ್ನನ್ನ ತಗೋ. ಮುಧೋಳದವ, ಬಳಿ ಮಾರೋರ ಮನಿ ಹುಡುಗ. ಚಾಲುಕ್ಯರ ಸತ್ಯಾಶ್ರಯನ ಆಸ್ಥಾನ ಸೇರಿದ. ಅರಸನ್ನ ಭೀಮಗ ಹೋಲಿಸಿ ಕಾವ್ಯ ಬರೀಬೇಕಿತ್ತು. ಹೆಸರೂ ‘ಸಾಹಸಭೀಮ ವಿಜಯ’ ಅಂತನ ಇಟ್ಟ. ಬರೀತಾ ಬರೀತಾ ಏನಾತೋ, ದುರ್ಯೋಧನ ಇಡೀ ಕಾವ್ಯ ಹೊತ್ಕೊಂಡು ಹೋದ. ಎಲ್ಲಾರೂ ಸತ್ತ ಮ್ಯಾಲ ಅವ ಸಂಜಯನ ಜೋಡಿ ರಣಭೂಮಿಯಾಗ ಹೆಣ ದಾಟ್ಕೋತ ನಡೀತಾನ. ದ್ರೋಣರ ಹೆಣ, ಮಗ ಲಕ್ಷಣಕುಮಾರನ ಹೆಣ, ದುಶ್ಶಾಸನನ ಹೆಣ, ಕರ್ಣನ ಹೆಣ. ಒಂದೊಂದರ ಮುಂದ ನಿಂತು ಅಳ್ತಾನ. ಸಾವಿರ ವರ್ಷ ಆತು, ಓದಿದವರೆಲ್ಲಾ ಅವನ ಜೋಡೀನೇ ಅತ್ತಾರ. 1926ರಾಗ ಬಿ.ಎಂ.ಶ್ರೀ. ಅದನ್ನ ‘ಗದಾಯುದ್ಧ ನಾಟಕಂ’ ಅಂತ ಮಾಡಿದ್ರಲ್ಲ, ಅವರು ದುರ್ಯೋಧನನ್ನ ನೇರ ದುರಂತ ನಾಯಕನ್ನಾಗಿಯೇ ನಿಲ್ಲಿಸಿದ್ರು. ಇಂಗ್ಲಿಷಿನಾಗೂ ಇದೇ ಪಂಚಾಯ್ತಿ ಆಗೈತಿ. ಮಿಲ್ಟನ್ ಕವಿ ದೇವರ ಕಡೆ ನಿಂತು ಬರದ, ಸೈತಾನ ಗೆದ್ದ. ಬ್ಲೇಕ್ ಅನ್ನೋ ಇನ್ನೊಬ್ಬ ಕವಿ, ಈ ಮಿಲ್ಟನ್ ತನಗ ಗೊತ್ತಿಲ್ಲದಂಗ ಸೈತಾನನ ಪಕ್ಷದವನೇ ಆಗಿದ್ದ ಅಂದ.

ಮಾವ: ರನ್ನ ಅರಸನ ಉಪ್ಪು ತಿಂದು ಭೀಮನ್ನ ಹೊಗಳಿದ. ಕೌರವಗ ಏನೂ ಕೊಡಬೇಕಾಗಿರಲಿಲ್ಲ, ಅದಕ್ಕ ಖರೇ ಮಾತು ಅವನ ಪಾಲಿಗೆ ಬಿತ್ತು. ಹೊಗಳೋ ಕೆಲಸ ಇದ್ದಲ್ಲಿ ಕೈ ಬಿಗೀತೈತವಾ. ನಮ್ಮ ನಾಟಕದ ಹೀರೋಗೂ ಅದೇ ರೋಗ. ಅವ ತಪ್ಪು ಮಾಡಂಗಿಲ್ಲ, ಬೀಡಿ ಸೇದಂಗಿಲ್ಲ, ಸಿಟ್ಟು ಬಂದ್ರೂ ನ್ಯಾಯಕ್ಕ ಬರಬೇಕು. ಬರೆಯೋ ಕವಿಗೆ ಕೈಕಾಲು ಕಟ್ಟಿದಂಗ.

ಸೊಸಿ: ನಾಗಚಂದ್ರ ಇನ್ನೂ ಮುಂದ ಹೋದ. ಅವ ಬರದದ್ದು ಜೈನರ ರಾಮಾಯಣ, ರಾವಣನ್ನ ಕೊಲ್ಲೋನು ರಾಮ ಅಲ್ಲ, ಲಕ್ಷ್ಮಣ. ಅಲ್ಲಿ ರಾವಣ ರಾಕ್ಷಸ ಅಲ್ಲ, ವ್ರತ ಹಿಡಿದ ದೊಡ್ಡ ಮನುಷ್ಯ, ಒಂದು ಸಲ ಕಾಲು ಜಾರಿದವ. ಸೀತಿ ಮೂರ್ಛೆ ಹೋದದ್ದು ನೋಡಿ ಅವನ ಮನಸ್ಸು ತಿರುಗಿಬಿಡತೈತಿ. ಆದರೂ ಯುದ್ಧ ಬಿಡಂಗಿಲ್ಲ. ಅಂಜಿ ಕೊಟ್ಟ ಅಂತಾರ, ಗೆದ್ದ ಮ್ಯಾಲ ಕೊಡ್ತೀನಿ ಅಂತ ಹೊಂಟು ಸಾಯ್ತಾನ. ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ದಾಗ ಇದೇ ಹಾದಿ ಹಿಡಿದು ಇನ್ನೂ ಎತ್ತರಕ್ಕ ಒಯ್ದರು. ಅಲ್ಲಿ ರಾವಣಗ ಸೀತಿ ತಾಯಿ ಆಗಿ ಕಾಣ್ತಾಳ. ನನಗಂತೂ ಕನ್ನಡದ ದೊಡ್ಡತನ ಇದೇ ಅನಸತೈತಿ. ಕೆಟ್ಟವನ್ನ ಕೆಟ್ಟವ ಅಂತ ಹೇಳಿ ಕೈ ತೊಳಕೊಳ್ಳಲಿಲ್ಲ ನಮ್ಮವರು.

ಮಾವ: ನನಗ ಸೇರಂಗಿಲ್ಲ.

ಸೊಸಿ: ಯಾಕ?

ಮಾವ: ಓದಾಕ ಚಂದ ಇರಬಹುದು. ಆಡಾಕ ಬರಂಗಿಲ್ಲ. ಕಡೇ ಅಂಕದಾಗ ರಾವಣ ಕರಗಿದ ಅಂದ್ರ ಮಂದಿ ಮೋಸ ಹೋದಂಗ. ರಾತ್ರಿಯಿಡೀ ಅವನ ಜೋಡಿ ಸೊಕ್ಕಿನಿಂದ ಕುಂತಿದ್ವಿ, ಬೆಳಗಾಗೋ ಹೊತ್ತಿಗೆ ಅವ ಸ್ವಾಮಿ ಆದ್ರ ನಾವೇನು ಮಾಡೋಣ? ಖಳ ಅಂದ್ರ ತಪ್ಪು ಒಪ್ಪದಂಗ ಸಾಯಬೇಕು.

ಸೊಸಿ: ಹಂಗಾದ್ರ ಅವನು ಬರೇ ಗೊಂಬಿ ಆದ. ಮನಸ್ಸು ತಿರುಗಿದ್ರ ಮನುಷ್ಯ.

ಮಾವ: ನೀ ಕಾಲೇಜಿನಾಗ ಹೇಳು. ನನಗ ಬ್ಯಾಡ.

ಸೊಸಿ: ಆತು ಬಿಡು. ಅಣ್ಣಾವ್ರ ಮಾತು ತೆಗದಿಯಲ್ಲ, ಅವರೇ ಎಷ್ಟು ಸಲ ಅಸುರ ಆಗ್ಯಾರ ಗೊತ್ತೇನು? 1958ರ ‘ಭೂಕೈಲಾಸ’ದಾಗ ರಾವಣ. ಮರುವರ್ಷ ಮಹಿಷಾಸುರ. 1983ರಾಗ ಹಿರಣ್ಯಕಶಿಪು.

ಮಾವ: ‘ಭಕ್ತ ಪ್ರಹ್ಲಾದ’ ನಾ ರಾಯಚೂರಾಗ ನೋಡೀನಿ. ಪ್ರಹ್ಲಾದ ಯಾರು? ಪುನೀತ್, ಅವರ ಸ್ವಂತ ಮಗ. ಥೇಟರಿನಾಗ ಕುಂತ ಎಲ್ಲಾರಿಗೂ ಅದು ಗೊತ್ತು. ಅಪ್ಪ ಮಗನ್ನ ಕೊಲ್ಲಾಕ ಹೊಂಟಾನ. ಒಂದು ಕಣ್ಣಾಗ ರಾಕ್ಷಸನ ಸಿಟ್ಟು, ಇನ್ನೊಂದರಾಗ ಅಪ್ಪ. ನನ್ನ ಬಾಜೂ ಕುಂತ ಮುದುಕಿ, ‘ಬ್ಯಾಡೋ ಯಪ್ಪಾ, ನಿನ್ನ ಹೊಟ್ಟ್ಯಾಗ ಹುಟ್ಟಿದ್ದೈತೋ’ ಅಂತ ಪರದಿಗೆ ಕೈ ಮುಗಿದಳು. ಸಿಗರೇಟು ಮುಟ್ಟದ, ಬಾಟ್ಲಿ ಹಿಡೀದ ಹೀರೋ ಅಂತ ನಾವು ಪೂಜಿ ಮಾಡಿದ ಮನುಷ್ಯ, ಕಿರೀಟ ಇಟ್ಟು ಅಸುರ ಆದ ಅಂದ್ರ ಏನು ಉಮೇದಿ! ಒಳ್ಳೇ ನಟಗ ಒಳ್ಳೇ ಪಾತ್ರ ಸಾಕಾಗಂಗಿಲ್ಲವಾ. ಗಂಟಲು ತುಂಬಂಗಿಲ್ಲ. ಆಂಧ್ರದ ಎನ್‌ಟಿಆರ್ ನೋಡು, ನಮ್ಮ ಕಡೆ ತೆಲುಗು ಸಿನಿಮಾ ನೋಡದವರು ಯಾರದಾರ. 1977ರ ‘ದಾನವೀರ ಶೂರ ಕರ್ಣ’ದಾಗ ಕೃಷ್ಣ ಅವನೇ, ಕರ್ಣ ಅವನೇ, ದುರ್ಯೋಧನ ಅವನೇ. ದುರ್ಯೋಧನಗ ಹೆಂಡತಿ ಜೋಡಿ ಪ್ರೀತಿ ಹಾಡು ಬ್ಯಾರೆ! ಅದನ್ನ ನೋಡಿ ಬಂದ ಮ್ಯಾಲ ನಮ್ಮೂರ ದುರ್ಯೋಧನರೆಲ್ಲಾ ನಮಗೂ ಒಂದು ಹಾಡು ಬೇಕು ಅಂತ ಪೇಟಿ ಮಾಸ್ತರನ ತಲಿ ತಿಂದ್ರು.

ಸೊಸಿ: ಈಗ ಆ ತೊಂದರಿನೇ ಇಲ್ಲ. ಹೀರೋನೇ ವಿಲನ್. 1995ರ ‘ಓಂ’ ಬಂದಾಗಿಂದ ಮಚ್ಚು ಹಿಡಿದವ ನಾಯಕ. ಕೆಜಿಎಫ್ ರಾಕಿ ಬಂಗಾರದ ಆಸೆಗೇ ಬದುಕಿದವ. ಗಡ್ಡ, ಸಿಗರೇಟು, ಬಂದೂಕು, ನಿಧಾನ ನಡಿಗಿ, ಹಿಂದೆ ಸಂಗೀತ, ಎಲ್ಲಾ ಮೊದಲು ಖಳನ ಸಾಮಾನು.

ಮಾವ: ವಿಲನ್‌ನ ಪಗಾರನೂ ಹೀರೋನೇ ತಿಂದ. ಪಾಪ, ಈಗಿನ ವಿಲನ್ ನೋಡಿದ್ರ ನನಗ ಅಯ್ಯೋ ಅನಸತೈತಿ. ಪಾನ್ ತಿಂದು ಉಗುಳೋದು ಒಂದು ಉಳದೈತಿ.

ಸೊಸಿ: ನೀ ಮೆಚ್ಚೋದು ವಜ್ರಮುನಿನ್ನ. ಅದೂ ಗೊತ್ತು ನನಗ.

ಮಾವ: ಮತ್ತ? ನಟಭೈರವ ಅಂತ ಸುಮ್ಮನ ಕರದ್ರೇನು? ಆತ ನಾಟಕದಿಂದ ಬಂದವ. ‘ಪ್ರಚಂಡ ರಾವಣ’ ಅಂತ ಕಣಗಾಲ್ ಪ್ರಭಾಕರ ಶಾಸ್ತ್ರಿಗಳ ನಾಟಕ, ಅದರಾಗ ರಾವಣ. ಪುಟ್ಟಣ್ಣ ಕಣಗಾಲ್ 1969ರಾಗ ‘ಮಲ್ಲಮ್ಮನ ಪವಾಡ’ಕ್ಕ ಕರಕೊಂಡ್ರು. ‘ಮಯೂರ’ದಾಗ ಪಲ್ಲವರ ವಿಷ್ಣುಗೋಪ ಆಗಿ ನಿಂತದ್ದು ನೋಡು. ಹುಬ್ಬು ಒಂದು ಏರಿಸಿದ್ರ ಸಾಕು, ಮಾತು ಆಮ್ಯಾಲ. ರಾವಣನ್ನ ಕಲಿತವ ಏನು ಬೇಕಾದ್ರೂ ಮಾಡ್ತಾನ.

ಸೊಸಿ: ವಜ್ರಮುನಿ ದೊಡ್ಡ ನಟ, ಅದಕ್ಕ ನನ್ನ ತಕರಾರಿಲ್ಲ. ಆದರ ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ. ಎಪ್ಪತ್ತು ಎಂಬತ್ತರ ದಶಕದ ಸಿನಿಮಾದಾಗ, ನಿಮ್ಮ ಸಾಮಾಜಿಕ ನಾಟಕದಾಗೂ, ಖಳ ಕೆಟ್ಟವ ಅಂತ ತೋರಿಸಾಕ ಒಂದೇ ಉಪಾಯ: ಹೀರೋನ ತಂಗಿ ಸೆರಗು ಜಗ್ಗಬೇಕು. ಅವನ ಗತ್ತಿಗೆ, ಅವನ ನಗಿಗೆ, ನೀ ಹೇಳಿದ ಆ ‘ಬೇಕು’ ಅನ್ನೋದಕ್ಕ ಬೆಲಿ ತೆತ್ತಾಕಿ ಒಬ್ಬ ಹೆಣ್ಣುಮಗಳು. ಗಂಡಸು ನನಗ ಬೇಕು ಅಂದ್ರ ಖಳನಾಯಕ, ಗತ್ತು, ಸೀಟಿ. ಹೆಣ್ಣುಮಗಳು ನನಗ ಬೇಕು ಅಂದ್ರ? ಕೈಕೇಯಿ. ಶೂರ್ಪನಖಿ. ಆಕಿಗೆ ಯಾರು ಸೀಟಿ ಹೊಡೀತಾರ? ಮೂಗು ಕೊಯ್ತಾರ. ಈಗ ಟಿ.ವಿ. ಧಾರಾವಾಹಿ ಬಂದಾವ, ದಿನಾ ರಾತ್ರಿ ಅತ್ತಿನೋ ನಾದಿನಿನೋ ಹುಬ್ಬು ಏರಿಸಿ ನಿಂತಿರ್ತಾಳ, ರೇಷ್ಮಿ ಸೀರಿ ಉಟ್ಟು. ನಮ್ಮವ್ವ ಆಕಿನ್ನ ಬೈಯೋದಕ್ಕೇ ಕುಂದರ್ತಾಳ.

ಮಾವ: (ಸ್ವಲ್ಪ ಹೊತ್ತು ಸುಮ್ಮನಿದ್ದು) ನೀ ಹೇಳೋದು ಖರೆ ಐತಿ. ನಾನೂ ದುಶ್ಶಾಸನ ಮಾಡೀನಿ. ಒಂದು ಸಲ ನಗಿ ಬರೋ ಸಂಗತಿ ಆತು. ದ್ರೌಪದಿ ಸೀರಿಗೆ ಕೈ ಹಾಕೀನಿ, ಪೇಟಿ ನಿಂತುಬಿಡ್ತು. ಮೈಕಿನಾಗ ನನ್ನ ಹೆಸರು. ನೋಡಿದ್ರ ನಮ್ಮತ್ತಿ ಮನಿಯವರು ಆಯೇರಿ ತಂದಾರ! ಟಾವೆಲ್ಲು, ಉಂಗುರ, ಹಾರ. ದ್ರೌಪದಿ ಸೆರಗು ಬಿಟ್ಟು, ಹಾರ ಹಾಕಿಸ್ಕೊಂಡು, ಅತ್ತಿ ಕಾಲಿಗೆ ಬಿದ್ದು, ಫೋಟೋ ತಗಸ್ಕೊಂಡು, ಮತ್ತ ಬಂದು ಸೆರಗು ಹಿಡಿದೆ. ಆಕಿ ಪಾಪ, ಅಷ್ಟು ಹೊತ್ತೂ ಕೃಷ್ಣಾ ಅಂತ ಕೈ ಎತ್ತಿ ನಿಂತಿದ್ದಳು.

ಸೊಸಿ: (ನಗುತ್ತಾ) ಕೃಷ್ಣನೂ ಕಾಯ್ತಿದ್ದ ಅನ್ನು.

ಮಾವ: ಒಳಗ ಚಾ ಕುಡೀತಿದ್ದ. ಆದರ ಇನ್ನೊಂದು ಊರಾಗ ನಗಿ ಬರಲಿಲ್ಲ. ಸೆರಗಿಗೆ ಕೈ ಹಾಕಿದ ಕೂಡಲೇ ಹಿಂದಿನಿಂದ ಸೀಟಿ. ಜಗ್ಗು, ಜಗ್ಗು ಅಂತ ಒದರಾಕತ್ತಿದ್ರು. ಮೊದಲ ಖುಷಿ ಆತು, ಸುಳ್ಳು ಯಾಕ ಹೇಳಲಿ. ನನ್ನ ಪಾರ್ಟು ಗೆದ್ದಿತು ಅನಿಸ್ತು. ಆಮ್ಯಾಲ ಆಕಿ ಮಾರಿ ನೋಡಿದೆ. ಪಾರ್ಟಿಗೆ ಅಳೋ ಅಳು ಬ್ಯಾರೆ ಇರತೈತಿ, ನನಗ ಗೊತ್ತಾಗತೈತಿ. ಇದು ಅದಲ್ಲ. ಆ ಸೀಟಿ ದುಶ್ಶಾಸನಗೂ ಅಲ್ಲ, ನನಗೂ ಅಲ್ಲ. ಅವತ್ತಿನಿಂದ ಆ ಪಾರ್ಟು ಹಿಡೀಲಿಲ್ಲ.

ಸೊಸಿ: ಸುಭದ್ರಮ್ಮ ಮನ್ಸೂರರ ದ್ರೌಪದಿ ನೋಡೀಯೇನು?

ಮಾವ: ‘ರಕ್ತರಾತ್ರಿ’ದಾಗ. ಕಂದಗಲ್ಲ ಹನುಮಂತರಾಯರ ನಾಟಕ. ಆಕಿ ನಿಂತ್ರ ಯಾವ ಖಳಂದೂ ನಡೀತಿರಲಿಲ್ಲ. ಸೀಟಿ ಹೊಡಿಯೋ ಬಾಯಿ ಒಣಗ್ತಿದ್ವು.

ಸೊಸಿ: ನೀ ಒಂದು ಗಮನಿಸಿಯೇನು ಮಾಮಾ, ಎಲ್ಲಾ ಕೆಟ್ಟವರಿಗೂ ಈ ಮೆಚ್ಚುಗಿ ಸಿಗಂಗಿಲ್ಲ. ನಮ್ಮ ಕಡೆ ಮೊಹರಂದಾಗ ಅಲಾಯಿ ಕುಣೀತಾರ, ಹಿಂದೂಗಳೇ ಹೆಚ್ಚು ಮಂದಿ. ರಿವಾಯತ ಹಾಡ್ತಾರ, ಕರ್ಬಲಾದ ಕತಿ ಎಲ್ಲಾ ಕನ್ನಡದಾಗ. ಅಲ್ಲಿ ಕೊಲ್ಲಿಸಿದವ ಯಜೀದ, ಅವನ ಹೆಸರೂ ಬರತೈತಿ. ಹುಲಿವೇಷ ಹಾಕ್ತಾರ, ಫಕೀರ ಆಗ್ತಾರ. ಯಜೀದನ ವೇಷ ಹಾಕಿದವರನ್ನ ನಾ ಒಬ್ಬರನ್ನೂ ನೋಡಿಲ್ಲ.

ಮಾವ: ಅಲ್ಲಿ ಮಂದಿ ಆಟ ನೋಡಾಕ ಬಂದಿರಂಗಿಲ್ಲ, ಸತ್ತವರಿಗೆ ಅಳಾಕ ಬಂದಿರ್ತಾರ. ಸತ್ತ ಮನ್ಯಾಗ ಕೊಂದವನ ಗತ್ತು ಯಾರಿಗೆ ಬೇಕು?

ಸೊಸಿ: ಹಂಗಾದ್ರ ಖಳನ ಸೊಗಸು ನಿಂತಿರೋದು ಸತ್ತವರು ನಮ್ಮವರಲ್ಲ ಅನ್ನೋದರ ಮ್ಯಾಲ. ಗಬ್ಬರ್ ಠಾಕೂರನ ಮನಿ ಮಂದಿನ್ನೆಲ್ಲಾ ಹೊಡೀತಾನ, ಸಣ್ಣ ಮೊಮ್ಮಗನ್ನೂ ಬಿಡಂಗಿಲ್ಲ. ನಾವು ಬಿಸ್ಕೀಟು ತಿಂದಿವಿ.

ಮಾವ: ಇರಬಹುದು. ಆ ಮಾತು ನನಗ ಹೊಳೆದಿರಲಿಲ್ಲ.

ಸೊಸಿ: ನಿನಗ ನೀ ಮಾಡಿದ್ರಾಗ ಯಾವ ಪಾರ್ಟು ಮನಸ್ಸಿಗೆ ಬಂದದ್ದು? ದುರ್ಯೋಧನ?

ಮಾವ: ಶಕುನಿ. ಅದೇ ‘ರಕ್ತರಾತ್ರಿ’ಯಾಗಿನ ಶಕುನಿ. ಗದಿ ಇಲ್ಲ, ಕಿರೀಟದ ಆರ್ಭಟ ಇಲ್ಲ. ಒಂದು ಕಾಲು ಎಳಕೊಂಡು ಬರ್ತಾನ, ಮೆಲ್ಲಕ ಮಾತಾಡ್ತಾನ. ನಮ್ಮ ಮಂದಿ ಬಾಯಾಗ ಒಂದು ಕತಿ ಐತಲ್ಲ, ವ್ಯಾಸರು ಬರದದ್ದಲ್ಲ ಅಂತ ನೀನೇ ಹಿಂದಕ ಒಮ್ಮೆ ಹೇಳಿದ್ದಿ: ಕೌರವರು ಶಕುನಿ ಅಪ್ಪ, ಅಣ್ಣತಮ್ಮರನ್ನ ಸೆರಿಯಾಗ ಹಾಕಿ, ಒಬ್ಬೊಬ್ಬರಿಗೆ ಒಂದೊಂದು ಅಗುಳು ಕೊಟ್ಟರಂತ. ಎಲ್ಲಾರೂ ತಮ್ಮ ತಮ್ಮ ಅಗುಳು ಒಬ್ಬಗ ತಿನಿಸಿ ಬದುಕಿಸಿದ್ರಂತ, ಸೇಡು ತೀರಿಸ್ಲಿ ಅಂತ. ಅಪ್ಪನ ಎಲುಬಿಲೆ ಪಗಡಿ ದಾಳ ಮಾಡಿದ. ಈ ಕತಿ ಗೊತ್ತಿದ್ದವರಿಗೆ ಶಕುನಿ ಕೌರವರ ಮನಿಯಾಗ ಉಂಡ ಒಂದೊಂದು ತುತ್ತೂ ಬ್ಯಾರೆ ಕಾಣತೈತಿ. ಅವ ಅಳಿಯಂದಿರಿಗೆ ನಗುತ್ತಾ ಬುದ್ಧಿ ಹೇಳ್ತಾನ, ಮನಿ ಒಳಗ ಕುಂತು ಮನಿ ತಗೀತಾನ. ಹೊರಗಿನ ವೈರಿ ಭೀಮ. ಕುಲ ಮುಗಿಸಿದವ ಶಕುನಿ.

ಸೊಸಿ: ನೀ ಮುಂಬಾಗಿಲಿಂದ ಬಂದವನೇ ಖಳ ಅಂದಿ. ಶಕುನಿ ಹಂಗ ಬಂದವ ಅಲ್ಲಲ್ಲ.

ಮಾವ: ಅಲ್ಲ. ಅದಕ್ಕ ಅವ ನನ್ನ ಕೈಗೆ ಹತ್ತು ವರ್ಷ ಸಿಗಲಿಲ್ಲ. ದುರ್ಯೋಧನ ಒಂದು ರಾತ್ರಿಗೆ ಬರತೈತಿ, ಗಂಟಲಿದ್ರ ಸಾಕು. ಶಕುನಿಗೆ ನಮ್ಮೂರ ಸಂತಿಗೆ ಹೋಗಿ ಕುಂತು ಕಲ್ತೀನಿ. ದಲ್ಲಾಳಿ ಟಾವೆಲ್ಲಿನ ಕೆಳಗ ಕೈ ಹಿಡಿದು ಬೆರಳು ಒತ್ತಿ ಎತ್ತಿನ ಬೆಲಿ ಹೇಳ್ತಾನಲ್ಲ, ಮಾರೋವಗ ಒಂದು, ಕೊಳ್ಳೋವಗ ಒಂದು, ಇಬ್ಬರ ಕಡೆನೂ ನಕ್ಕೋತ. ನಕಲಿ ಹತ್ತಿ ಬೀಜ ಕೊಟ್ಟವ, ಈ ಸಲ ಮಳಿ ಸರಿ ಇಲ್ಲಪಾ ಅಂತ ನಮ್ಮ ಜೋಡಿನೇ ಮರುಗ್ತಾನಲ್ಲ, ಆ ದನಿ. ನನ್ನ ಶಕುನಿ ನೋಡಿ ಮಂದಿ ಸೀಟಿ ಹೊಡೀಲಿಲ್ಲ. ನಗಲೂ ಇಲ್ಲ. ಮುಂದಿನ ಸಾಲಿನಾಗ ಒಬ್ಬ ಪಕ್ಕದವನ ಕಡೆ ತಿರುಗಿ ನೋಡಿದ, ಅಷ್ಟ. ರಾವಣನ್ನ ನೋಡಿ ನನಗ ಬೇಕು ಅನ್ನೋ ಧೈರ್ಯ ಬರತೈತಿ ಅಂತ ಹೇಳಿದೆಲ್ಲ, ಶಕುನಿನ್ನ ನೋಡಿದ ಮ್ಯಾಲ ಮನಿಗೆ ಹೋಗಿ ಪತ್ರ ಒಂದು ಸಲ ತಗದು ನೋಡಬೇಕು ಅನಸತೈತಿ.

ಸೊಸಿ: ಈ ವರ್ಷ ಯಾವ ನಾಟಕ ಹಿಡಿದೀರಿ?

ಮಾವ: ‘ರಕ್ತರಾತ್ರಿ’ನೇ. ತಾಲೀಮು ನಾಳೆ ರಾತ್ರಿ ಒಂಬತ್ತಕ್ಕ ಸುರು.

ಸೊಸಿ: ಪಾರ್ಟೆಲ್ಲಾ ಹಂಚಿ ಆತೇನು?

ಮಾವ: ಅಶ್ವತ್ಥಾಮಗ ಮೂರು ಮಂದಿ ಜಗಳ ಆಡಿದ್ರು, ಕತ್ತಿ ಐತಲ್ಲ. ಭೀಮಗ ಗದಿ ಐತಿ, ಅದೂ ಹೋತು. ದುರ್ಯೋಧನ ಹೀರೋಗಿಂತ ಐದುನೂರು ಹೆಚ್ಚಿಗೆ ಹೋತು ಈ ಸಲ. ಶಕುನಿ ಪಾರ್ಟು ಇನ್ನಾ ಯಾರೂ ಹಿಡಿದಿಲ್ಲ.